ಗುಬ್ಬಿಗಾಗಿ ಹಾಡ್ಯಾಡಿದ ಸಂಜೆ

ಆಗ ನನಗೆ ಅರವತ್ತೊಂದು ವರ್ಷ. ಅದಾಗಿ ಈಗ ಹದಿನೇಳೋ ಹದಿನೆಂಟೋ ವರ್ಷವಾಯಿತು. ದೆವ್ವ, ಗಾಳಿ, ಸತ್ತವರು ಕನಸಿನಲ್ಲಿ ಬಂದು ನೀರು ಕೇಳುವುದು, ಇಂಥವನ್ನು ನಾನು ಅಲ್ಲಿಯವರೆಗೆ ನಂಬಿದವಳಲ್ಲ. ಈಗ ನಂಬುತ್ತೇನೆಯೇ ಎಂದು ಕೇಳಿದರೆ ಅದಕ್ಕೂ ಉತ್ತರವಿಲ್ಲ. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಬರೆಯುವುದು ನಿಧಾನ. ಒತ್ತಕ್ಷರ ತಪ್ಪಿದಲ್ಲಿ ಸೊಸೆ ತಿದ್ದಿದ್ದಾಳೆ, ಮಾತು ಮಾತ್ರ ನನ್ನದೇ.

ನಂಬದಿರುವುದಕ್ಕೆ ಕಾರಣವಿತ್ತು. ಬೈಲಹೊಂಗಲದ ನಮ್ಮ ಓಣಿಯಲ್ಲಿ, ಸುತ್ತಿನ ಹಳ್ಳಿಗಳಲ್ಲಿ ಯಾರು ಸತ್ತರೂ ಹಾಡ್ಯಾಡಿ ಅಳುವುದಕ್ಕೆ ನನ್ನನ್ನು ಕರೆಯುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸತ್ತವರ ಗುಣ, ಅವರು ಉಂಡದ್ದು, ಉಟ್ಟದ್ದು, ಬಿಟ್ಟುಹೋದದ್ದು ಎಲ್ಲವನ್ನೂ ಹಾಡಿನ ಧಾಟಿಯಲ್ಲಿ ಎತ್ತಿ ಎತ್ತಿ ಹೇಳುತ್ತ ಅಳುವುದು ನಮ್ಮ ಕಡೆಯ ರೂಢಿ. ಒಬ್ಬಳು ಎತ್ತಿಕೊಡಬೇಕು. ಉಳಿದವರು ಒಬ್ಬರ ಕೊರಳಿಗೆ ಒಬ್ಬರು ಬಿದ್ದು ದನಿಗೂಡಿಸಬೇಕು. ಎತ್ತಿಕೊಡುವವಳು ನಾನು. ನನ್ನ ಕಣ್ಣಲ್ಲಿ ನೀರು ಬರುವುದು ಕಡಿಮೆ. ಗಂಡ ಹೋದಾಗಲೂ ಹೆಚ್ಚು ಬರಲಿಲ್ಲ. ಅಳುವುದು ಬೇರೆ, ಅಳಿಸುವುದು ಬೇರೆ. ನನಗೆ ಎರಡನೆಯದು ಬರುತ್ತಿತ್ತು.

ಹೆಂಗಸರು ಹೇಳುತ್ತಿದ್ದರು, “ಸತ್ತಾಕಿನ ಈಕಿ ಬಾಯಾಗ ಕುಂತು ನುಡಿಸ್ತಾಳ ನೋಡ್ರಿ” ಎಂದು. ಸುಳ್ಳು. ಹೆಣ ಎತ್ತುವುದಕ್ಕೆ ಬಹಳ ಮೊದಲೇ ನಾನು ಹೋಗುತ್ತಿದ್ದೆ. ಬಾಜೂ ಮನೆಯವಳ ಹತ್ತಿರ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತ ಎಲ್ಲ ವಿಚಾರಿಸುತ್ತಿದ್ದೆ. ಯಾವ ಸೀರೆ ಅಂದರೆ ಜೀವ, ಯಾವ ಎಮ್ಮೆ ಆಕೆಗೆ ಮಾತ್ರ ಹಾಲು ಕೊಡುತ್ತಿತ್ತು, ಯಾವ ಮಗ ಬಂದಿಲ್ಲ. ಒಮ್ಮೆ ಒಬ್ಬ ಮುದುಕಿ ಸತ್ತಾಗ, ಅವಳು ಕದ್ದು ಪುಟಾಣಿ ಬೆಲ್ಲ ತಿನ್ನುತ್ತಿದ್ದಳೆಂದು ಮೊಮ್ಮಗಳಿಂದ ತಿಳಿದುಕೊಂಡು ಅದನ್ನು ಎತ್ತಿದೆ. ಆ ಮುದುಕಿಯ ಸೊಸೆ ಮೂರ್ಛೆ ಹೋದಳು. ಮರುದಿನ ಊರೆಲ್ಲ ನನ್ನ ಮೈಮೇಲೆ ಬರುತ್ತದೆ ಎಂದಿತು. ಬರುವುದೇನೂ ಇರಲಿಲ್ಲ. ಕೇಳಿಕೊಂಡಿದ್ದೆ, ಹಾಡಿದೆ, ಅಷ್ಟೇ.

ಈ ಕೆಲಸಕ್ಕೆ ಎರಡು ಕಟ್ಟು ಇವೆ. ಮನೆಯವರು ಕರೆಯದೆ ಹೋಗಬಾರದು. ಬದುಕಿದವರ ಹೆಸರು ಹಿಡಿದು ಎತ್ತಬಾರದು. ಎರಡನೆಯದಕ್ಕೆ ಹೆಂಗಸರು ಒಂದು ಮಾತು ಸೇರಿಸುತ್ತಾರೆ. ಬದುಕಿದವರ ಹೆಸರು ಹಿಡಿದರೆ ಪದ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದಂತೆ, ಮುಂದಕ್ಕೆ ಹೊರಡುವುದಿಲ್ಲವಂತೆ. ಗಂಟಲಲ್ಲಿ ಸಿಕ್ಕಿಕೊಳ್ಳುವುದು ಕಫ ಎಂದು ನಾನು ಹೇಳುತ್ತಿದ್ದೆ.

ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಸೊಸೆ ಶೋಭಾ ಕಂಪ್ಯೂಟರ್ ಅಂಗಡಿ ಇಟ್ಟಿದ್ದಳು. ಮಗ ಮುಂಜಾನೆ ಮಾರ್ಕೆಟ್ ಯಾರ್ಡಿಗೆ ಹೋದರೆ ದೀಪ ಹಚ್ಚಿದ ಮೇಲೆಯೇ ಬರುತ್ತಿದ್ದ. ಅಂಗಡಿಗೆ ಕಾಲೇಜಿನ ಹುಡುಗರು ಬರುತ್ತಿದ್ದರು, ನೌಕರಿಯ ಅರ್ಜಿ ತುಂಬುವವರು ಬರುತ್ತಿದ್ದರು. ನಾನು ಹೊಸ್ತಿಲ ಹತ್ತಿರ ಕುಳಿತು ಚಪ್ಪಲಿ ಹೊರಗೆ ಬಿಡಿಸುತ್ತಿದ್ದೆ. ಧೂಳು ಆ ಪೆಟ್ಟಿಗೆಗಳಿಗೆ ಆಗಿಬರುವುದಿಲ್ಲ ಎಂದು ಶೋಭಾ ಹೇಳಿದ್ದಳು.

ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವಳು ಪೆಟ್ಟಿಗೆಯೊಳಗೆ ಒಂದು ಗುಂಪಿಗೆ ಹೋಗುತ್ತಿದ್ದಳು. ಬೀಸುಕಲ್ಲಿನ ಪದ, ಕುಟ್ಟುವ ಪದ, ಸೋಬಾನದ ಪದ ನೆನಪಿದ್ದವರು ಅಲ್ಲಿ ಬರೆಯುತ್ತಿದ್ದರು. ಕಿತ್ತೂರಿನವರು, ಸವದತ್ತಿಯವರು, ರಾಮದುರ್ಗದವರು, ನಮ್ಮ ಕಡೆ ಹುಟ್ಟಿ ಪುಣೆಯಲ್ಲೋ ದುಬೈಯಲ್ಲೋ ಇದ್ದವರು. ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ನನಗೆ ಓದಲು ಬರುತ್ತಿರಲಿಲ್ಲ, ಶೋಭಾ ಓದಿ ಹೇಳುತ್ತಿದ್ದಳು. ಯಾರೋ ಅರ್ಧ ಪದ ಹಾಕಿ ಮುಂದಿನದು ಮರೆತಿದೆ ಎಂದರೆ ನಾನು ಹೊಸ್ತಿಲಿನಿಂದಲೇ ಹೇಳುತ್ತಿದ್ದೆ, ಅವಳು ಒತ್ತುತ್ತಿದ್ದಳು. ಹೀಗೆ ಆ ಮಂದಿಗೆ ನಾನು ‘ಆಯಿ’ ಆದೆ. ನಮ್ಮ ಕಡೆ ಅಜ್ಜಿಗೆ ಹಾಗೆಯೇ ಅನ್ನುವುದು. ಮುಖ ನೋಡದವರು ಮೊಮ್ಮಕ್ಕಳಾಗಿ ಕುಳಿತರು.

ಅವರಲ್ಲಿ ಒಬ್ಬಳು ಗುಬ್ಬಿ. ಅದು ಪೆಟ್ಟಿಗೆಯೊಳಗಿನ ಹೆಸರು. ನಿಜವಾದ ಹೆಸರು ಸವಿತಾ ಎಂದು ಶೋಭಾಗೆ ಮಾತ್ರ ಹೇಳಿದ್ದಳು. ತವರು ರಾಮದುರ್ಗದ ಆಚೆಯ ಒಂದು ಹಳ್ಳಿ, ಕೊಟ್ಟದ್ದು ಮುನವಳ್ಳಿಗೆ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಟೈಪಿಂಗ್ ಮಾಡಿಕೊಡುವ ಅಂಗಡಿಯಲ್ಲಿ ಕೆಲಸ. ಬೇರೆಯವರು ನನ್ನನ್ನು ಹೊಗಳುತ್ತಿದ್ದರು. ಅವಳು ತಕರಾರು ತೆಗೆಯುತ್ತಿದ್ದಳು. “ಆಯಿ, ನೀವು ಹೇಳಿದ ಪದದಾಗ ಎರಡನೇ ಸಾಲ ನಮ್ಮವ್ವ ಬ್ಯಾರೆ ಹೇಳ್ತಾಳರಿ. ನಿಮ್ಮದ ತಪ್ಪ ಇರಬೇಕು” ಎನ್ನುತ್ತಿದ್ದಳು. “ನಿಮ್ಮವ್ವ ಹುಟ್ಟೋದಕ್ಕಿಂತ ಮೊದಲ ಬೀಸಾಕ ಕುಂತಾಕಿ ನಾ, ಹೋಗ ಅನ್ನು” ಎಂದು ನಾನು ಹೇಳಿ ಕಳಿಸುತ್ತಿದ್ದೆ. ಅದಕ್ಕೆ ನಗುವ ಮುಖದ ಚಿತ್ರ ಬರುತ್ತಿತ್ತು. ಅವಳು ಇಲ್ಲದ ದಿನ ನನಗೆ ಬೇಸರವಾಗುತ್ತಿತ್ತು ಎಂಬುದು ನಿಜ.

ಒಂದು ದಿನ ಹಾಡ್ಯಾಡಿ ಅಳುವುದರ ಬಗ್ಗೆ ಮಾತು ಬಂತು. ನಾನು ಅದರ ಗುಟ್ಟನ್ನೆಲ್ಲ ಒಡೆದು ಹೇಳಿದೆ. ಮೊದಲು ವಿಚಾರಿಸಿಕೊಳ್ಳಬೇಕು, ವಿಚಾರಿಸದೆ ಒಂದು ಸಾಲೂ ಹೊರಡದು ಎಂದೆ. ಗುಬ್ಬಿ ಬರೆದಳು, “ನಾ ಸತ್ರ ಬಂದು ಅಳ್ತೀರೇನ್ರಿ ಆಯಿ?” ನಾನು ಶೋಭಾಗೆ ಹೇಳಿದೆ, “ನಿನ್ನ ಮಾರೀನ ನೋಡಿಲ್ಲ, ಏನಂತ ಎತ್ತಲಿ? ಮೊದಲ ನಿನ್ನ ಸುದ್ದಿ ಎಲ್ಲಾ ಕೊಡು ಅನ್ನು.” ಅವಳ ಉತ್ತರ ಬಂತು. “ಈಗ್ಯಾಕ? ಆ ಹೊತ್ತಿಗೆ ನಾನ ಹೇಳ್ತೇನಿ ಬಿಡ್ರಿ.”

ಚೇಷ್ಟೆಯ ಮಾತು. ಎಲ್ಲರೂ ನಕ್ಕಿದ್ದರು. ನಾನು ಅದನ್ನು ಅಂದೇ ಮರೆತೆ.

ದಸರೆಗೆ ಗುಬ್ಬಿ ತವರಿಗೆ ಹೋದಳು. ಹಬ್ಬ ಮುಗಿದು ವಾರ ಕಳೆದರೂ ಗುಂಪಿಗೆ ಬರಲಿಲ್ಲ. ಶೋಭಾ ಟೈಪಿಂಗ್ ಅಂಗಡಿಗೆ ಫೋನ್ ಮಾಡಿದಳು. ಬನ್ನಿ ಕೊಟ್ಟ ಮರುದಿನ ತವರೂರಿನಿಂದ ಬಸ್ಸು ಹತ್ತಿದವಳು ಮುನವಳ್ಳಿಗೆ ಬಂದೇ ಇಲ್ಲ ಎಂದರು. ಸವದತ್ತಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿ ಇಳಿದದ್ದನ್ನು ಕಂಡಕ್ಟರ್ ನೋಡಿದ್ದ. ಮುಂದಕ್ಕೆ ನೋಡಿದವರಿಲ್ಲ. ಪೊಲೀಸರಿಗೆ ಹೇಳಿಯಾಗಿತ್ತು.

ಪೆಟ್ಟಿಗೆಯ ಮಂದಿ ಗಾಬರಿಯಾದರು. ಅವಳ ಫೋಟೊ ಎಲ್ಲ ಕಡೆ ಹಾಕಿದರು. ಸವದತ್ತಿಯವನೊಬ್ಬ ಬಸ್ ಸ್ಟ್ಯಾಂಡಿನಲ್ಲಿ ಫೋಟೊ ಹಿಡಿದುಕೊಂಡು ಗಾಡಿಯವರನ್ನೆಲ್ಲ ಕೇಳಿ ಬಂದ. ರಾಮದುರ್ಗದಲ್ಲಿ ಕಾಲೇಜು ಮಾಸ್ತರನೊಬ್ಬ ಇದ್ದ, ಆತ ಅವಳ ತವರಿಗೆ ಹೋಗಿ ತಾಯಿಗೆ ಧೈರ್ಯ ಹೇಳಿ ಬಂದ. ನಾನು ಮೊದಲ ಸಲ ಗುಬ್ಬಿಯ ಮುಖ ನೋಡಿದ್ದು ಆ ಫೋಟೊದಲ್ಲಿ. ಹಲ್ಲು ಸ್ವಲ್ಪ ಮುಂದೆ. ಕಣ್ಣು ಚೆನ್ನಾಗಿದ್ದವು.

ಸವದತ್ತಿಯ ಹತ್ತಿರದ ಜಲಾಶಯದ ಹಿನ್ನೀರಿನಲ್ಲಿ ಮೀನು ಹಿಡಿಯುವವರಿಗೆ ಹೆಣ ಸಿಕ್ಕಿತು. ಬಹಳ ದಿನ ನೀರಿನಲ್ಲಿ ಇದ್ದದ್ದು, ಮುಖದ ಗುರುತು ಉಳಿದಿರಲಿಲ್ಲ. ಹಸಿರು ಸೀರೆ, ಕಾಲುಂಗುರ ನೋಡಿ ಗಂಡ ಹೌದು ಎಂದ. ಕಾಲು ಜಾರಿರಬೇಕು ಎಂದು ಬರೆದುಕೊಂಡರು. ಮುನವಳ್ಳಿಯಲ್ಲಿ ಮಣ್ಣು ಮಾಡಿದರು. ಸವದತ್ತಿಯಲ್ಲಿ ಬಸ್ಸು ಬದಲಿಸಬೇಕಾದವಳು ನೀರಿನ ದಂಡೆಗೆ ಯಾಕೆ ಹೋದಳು, ಯಾರೂ ಹೇಳಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಪೆಟ್ಟಿಗೆಯೊಳಗೆ ಅಳು ಶುರುವಾಯಿತು. ಶೋಭಾ ಮೂಗು ಒರೆಸಿಕೊಳ್ಳುತ್ತ ಓದುತ್ತಿದ್ದಳು. ಒಬ್ಬರು ಪಣತಿಯ ಚಿತ್ರ ಹಾಕಿದರು, ಇನ್ನೊಬ್ಬರು ಗುಬ್ಬಿಯ ಚಿತ್ರ ಹಾಕಿದರು. ಪುಣೆಯ ಒಬ್ಬ ಹೆಣ್ಣುಮಗಳು ಎರಡು ದಿನದಿಂದ ಊಟ ಮಾಡಿಲ್ಲ ಎಂದು ಬರೆದಳು. ಹೆಗಲು ಕೊಡದವರು, ಒಂದು ಹಿಡಿ ಮಣ್ಣು ಹಾಕದವರು ಇದೆಂಥ ಅಳು ಅಳುತ್ತಾರೆ ಎಂದು ನನಗೆ ಮೊದಲು ಅನ್ನಿಸಿತು. ಆಮೇಲೆ ಯೋಚಿಸಿದೆ. ಮಣ್ಣಿಗೆ ಬಂದವರು ಕೈಬೆರಳಲ್ಲಿ ಎಣಿಸುವಷ್ಟು ಎಂದು ಟೈಪಿಂಗ್ ಅಂಗಡಿಯವರು ಹೇಳಿದ್ದರು. ಇಲ್ಲಿ ಅಳುವವರು ಅದಕ್ಕಿಂತ ಬಹಳ ಹೆಚ್ಚು. ಯಾವ ಅಳು ನಿಜ ಎಂದು ತೂಗುವುದು ನನ್ನ ಕೆಲಸವಲ್ಲ ಎಂದು ಸುಮ್ಮನಾದೆ.

ಅವರು ಒಂದು ಸಂಜೆ ಗೊತ್ತು ಮಾಡಿದರು. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಅವರವರ ಊರಲ್ಲಿ ಕಂಪ್ಯೂಟರ್ ಮುಂದೆ ಕೂರುವುದು, ಆಯಿ ಹಾಡ್ಯಾಡುವುದು, ಅವರು ಅಲ್ಲಿಂದ ಕೇಳುವುದು. ಶೋಭಾ ಹತ್ತಿರ ಸಿಗಿಸುವ ಸಣ್ಣ ಮೈಕು ಇತ್ತು. ನಾನು ಆಗುವುದಿಲ್ಲ ಎಂದೆ. ಮನೆಯವರು ಕರೆದಿಲ್ಲ, ಹೆಣ ನೋಡಿಲ್ಲ, ಕೊರಳಿಗೆ ಬೀಳುವವರಿಲ್ಲ, ಮೈಕಿನ ಕೊರಳಿಗೆ ಬೀಳಲೇನು ಎಂದೆ. ಬೇಕಾದರೆ ಒಂದು ಬೀಸುವ ಪದ ಹೇಳುತ್ತೇನೆ, ಗುಬ್ಬಿ ತಕರಾರು ತೆಗೆದದ್ದನ್ನೇ, ಅಷ್ಟೇ ಎಂದೆ. ಆದರೆ ರಾಮದುರ್ಗದ ಮಾಸ್ತರ ಅವಳ ತವರಿಗೆ ಇನ್ನೊಮ್ಮೆ ಹೋದವನು, ಬೈಲಹೊಂಗಲದಲ್ಲಿ ನಿಮ್ಮ ಮಗಳಿಗಾಗಿ ಹಾಡ್ಯಾಡುತ್ತಾರೆ ಎಂದು ಹೇಳಿಬಿಟ್ಟಿದ್ದ. ಒಳ್ಳೆಯದಾಗಲಿ ಎಂದೇ ಹೇಳಿದ್ದು, ಪಾಪ.

ಆ ಸಂಜೆ ಇನ್ನೂ ಬೆಳಕಿತ್ತು. ಒಬ್ಬ ಹೆಂಗಸು ಅಂಗಡಿಯ ಮುಂದೆ ಬಂದು ನಿಂತಳು. ಐವತ್ತರ ಹತ್ತಿರದವಳು, ಕಪ್ಪಗೆ, ಗಟ್ಟಿಮುಟ್ಟಾಗಿ ಇದ್ದಳು. ಕಾಲು ತುಂಬ ಎರೆಮಣ್ಣಿನ ಧೂಳು. ಚಪ್ಪಲಿ ಬಿಡು ಎಂದು ನಾನು ಹೇಳುವ ಮೊದಲೇ ಬಿಟ್ಟಳು.

“ಸತ್ತವರನ್ನ ಅಳಾಕಿ ನೀವ ಏನ್ರಿ?” ಎಂದಳು.

“ಹೌದವಾ. ಯಾರು ನೀವು?”

“ನಾ ಸವಿತಾನ ತಾಯಿ, ನಿಂಗವ್ವ. ನನ್ನ ಮಗಳು ಸತ್ತಿಲ್ಲ. ಅಳಬ್ಯಾಡ್ರಿ ಅಂತ ಹೇಳಾಕ ಬಂದೇನಿ.”

ಒಳಗೆ ಕರೆದು ಕೂಡಿಸಿದೆ. ನೀರು ಕೊಟ್ಟರೆ ಕುಡಿಯಲಿಲ್ಲ. ಆ ಹೆಣ ನನ್ನ ಮಗಳದಲ್ಲ ಎಂದಳು. ಅಂಥ ಹಸಿರು ಸೀರೆ ಸಂತೆಯಲ್ಲಿ ನೂರು ಸಿಗುತ್ತವೆ, ಅಂಥ ಕಾಲುಂಗುರ ಎಲ್ಲರ ಕಾಲಲ್ಲೂ ಇರುತ್ತವೆ ಎಂದಳು. ದವಾಖಾನೆಯಲ್ಲಿ ನಾನೂ ನೋಡಿದ್ದೇನೆ, ಅಲ್ಲ ಅಂದರೆ ಅಲ್ಲ ಎಂದಳು. ಯಾಕೆ ಅಲ್ಲ ಎಂದು ಕೇಳಿದೆ. “ಅದು ನನಗ ಗೊತ್ತೈತಿ” ಎಂದಷ್ಟೇ ಹೇಳಿದಳು. ಅಳಿಯ ಮಣ್ಣು ಮಾಡುವಾಗ ಅವಳು ಹೋಗಿರಲಿಲ್ಲ. ಸತ್ತವರ ದಿನ ಮಾಡಿದ ಊಟಕ್ಕೂ ಹೋಗಿರಲಿಲ್ಲ. ಮಗಳು ಸಿಟ್ಟಿನ ಮೇಲೆ ಎಲ್ಲಿಯೋ ಹೋಗಿದ್ದಾಳೆ, ಸಿಟ್ಟು ಇಳಿದ ಮೇಲೆ ಬರುತ್ತಾಳೆ ಎಂದು ದಿನಾ ಸಂಜೆ ಊರಿನ ಬಸ್ಸಿಗೆ ಹೋಗಿ ನಿಲ್ಲುತ್ತಿದ್ದಳು.

ಶೋಭಾ ಪೆಟ್ಟಿಗೆಯವರಿಗೆ ತಾಯಿ ಬಂದ ಸುದ್ದಿ ಒತ್ತಿದಳು. ಯಾರೋ ಒಬ್ಬರು, ಅವ್ವಾರಿಗೆ ನಮ್ಮ ನಮಸ್ಕಾರ ಹೇಳ್ರಿ ಎಂದು ಬರೆದರಂತೆ.

ನಿಂಗವ್ವ ಆ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. “ಇದರಾಗ ಇರೋ ಮಂದಿಗೆ ನನ್ನ ಮಗಳು ಹ್ಯಾಂಗ ಗೊತ್ತು?” ಎಂದು ಕೇಳಿದಳು. ಪದ ಹೇಳುತ್ತಿದ್ದಳು ಎಂದು ಶೋಭಾ ಹೇಳಿದಳು. “ನನ್ನ ಪದ ಹೇಳತಿದ್ಲೇನು?” ಎಂದಳು. ಹೌದು, ನಮ್ಮವ್ವ ಹೀಗೆ ಹೇಳುತ್ತಾಳೆ ಎಂದು ನಮ್ಮ ಅತ್ತಿಯವರ ಸಂಗಾಟ ಜಗಳ ತೆಗೆಯುತ್ತಿದ್ದಳು ಎಂದಾಗ ನಿಂಗವ್ವನ ಮುಖ ಒಂದು ಗಳಿಗೆ ಸಡಿಲಾಯಿತು. ಆಮೇಲೆ ಮತ್ತೆ ಬಿಗಿಯಾಯಿತು. ನನ್ನ ಕಡೆ ತಿರುಗಿದಳು.

“ಅಕ್ಕಾರ, ಬದುಕಿದವರ ಹೆಸರ ಹಿಡದ್ರ ಪದ ಗಂಟಲಾಗ ಸಿಕ್ಕೋತದ ಅಂತಾರ. ಖರೆ ಏನ್ರಿ?”

“ಮಂದಿ ಅಂತಾರ.”

“ಹಂಗಾರ ಅಕಿ ಹೆಸರಿಲೆ ಎತ್ರಿ ನೋಡೂಣು. ಸಿಕ್ಕೋತದ. ಸಿಕ್ಕೊಂಡಿದ್ದನ್ನ ಇವರೆಲ್ಲಾ ಕೇಳಲಿ. ಆಮ್ಯಾಲ ಯಾರೂ ನನ್ನ ಮಗಳು ಸತ್ತಾಳ ಅನ್ನಬಾರದು.”

ಶೋಭಾ ನನ್ನ ಮುಖ ನೋಡಿದಳು. ನಾನು ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆ ಎಂದು ನೇರವಾಗಿ ಹೇಳುತ್ತೇನೆ. ಗಂಟಲಲ್ಲಿ ಸಿಕ್ಕಿಕೊಳ್ಳುವುದು ಸುಳ್ಳು ಎಂದು ನನಗೆ ಗೊತ್ತಿತ್ತು. ಸಿಕ್ಕಿಸಿಕೊಳ್ಳುವುದು ನನ್ನ ಕೈಯಲ್ಲೇ ಇತ್ತು. ಎರಡು ಸಾಲು ಎತ್ತಿ, ಮೂರನೆಯದಕ್ಕೆ ಕೆಮ್ಮಿ, ಕೊರಳು ಹಿಡಿದುಕೊಂಡು ನಿಲ್ಲಿಸಿಬಿಡುವುದು ಎಂದು ಲೆಕ್ಕ ಹಾಕಿದೆ. ಮಗಳು ಸತ್ತಿರುವುದಂತೂ ಖರೆ. ಆದರೆ ಅದನ್ನು ಈ ತಾಯಿ ಇವತ್ತೇ ಒಪ್ಪಬೇಕು ಎಂದು ಯಾವ ಕಾನೂನಿದೆ? ಇನ್ನೊಂದು ವರ್ಷ ಬಸ್ಸಿಗೆ ನಿಂತರೆ ಯಾರಿಗೇನು ನಷ್ಟ? ಸಮಾಧಾನವಾಗಿ ಊರಿಗೆ ಹೋಗಲಿ ಎಂದುಕೊಂಡೆ. ಕರುಣೆ ಅನ್ನಿ, ತಲೆನೋವು ತಪ್ಪಿಸಿಕೊಳ್ಳುವುದು ಅನ್ನಿ, ಎರಡೂ ಇತ್ತು.

ನೆಲದ ಮೇಲೆ ಕುಳಿತೆ. ಅವಳೂ ಎದುರಿಗೆ ಕುಳಿತಳು, ಕೊರಳಿಗೆ ಬೀಳಲಿಲ್ಲ, ಕೈ ಮಡಿಲಲ್ಲಿ ಇಟ್ಟುಕೊಂಡು ನೆಟ್ಟಗೆ ಕುಳಿತಳು. ಶೋಭಾ ಮೈಕು ತಂದು ನನ್ನ ಹತ್ತಿರ ಇಟ್ಟಳು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ನಾನು ಎತ್ತಿದೆ.

“ಗುಬ್ಬ್ಯವ್ವಾ ನನ್ನವ್ವಾ, ಗೂಡ ಬಿಟ್ಟ ಎತ್ತ ಹೋದಿ, ದನಿ ಕೇಳಿದ್ದೆ, ಮಾರಿ ಕಾಣಲಿಲ್ಲ ನನ್ನವ್ವಾ” ಎಂದು ಎತ್ತಿದ್ದು ನನಗೆ ನೆನಪಿದೆ. ಎರಡನೆಯ ಸಾಲಿನಲ್ಲಿ ನನ್ನ ಸಂಗಾಟ ಜಗಳ ತೆಗೆಯುತ್ತಿದ್ದಿ, ಈಗ ಯಾರ ಸಂಗಾಟ ತೆಗೆಯಲಿ ಎಂದೆ. ಇವೆರಡೂ ನನಗೆ ಗೊತ್ತಿದ್ದ ವಿಷಯವೇ. ಇನ್ನು ಕೆಮ್ಮಬೇಕು ಎಂದುಕೊಂಡದ್ದೂ ನೆನಪಿದೆ. ಉಸಿರು ಒಳಗೆ ಎಳೆದುಕೊಂಡೆ.

ಅದರ ಮುಂದಿನದು ನನ್ನ ಹತ್ತಿರ ಇಲ್ಲ. ನಿದ್ದೆ ಬಂದಿರಲಿಲ್ಲ, ತಲೆ ತಿರುಗಿರಲಿಲ್ಲ, ಮೈ ನಡುಗಿರಲಿಲ್ಲ. ಹೇಗೆ ಹೇಳಲಿ. ಬೀಸುವಾಗ ಮನಸ್ಸು ಎಲ್ಲೋ ಹೋಗಿರುತ್ತದೆ, ಕೈ ತಿರುಗುತ್ತಲೇ ಇರುತ್ತದೆ, ನೋಡಿದರೆ ಹಿಟ್ಟು ಬಿದ್ದಿರುತ್ತದೆ, ಹಾಗೆ. ನನಗೆ ಎಚ್ಚರವಾದಂತೆ ಅನ್ನಿಸಿದಾಗ ಪದ ಮುಗಿದಿತ್ತು. ನನ್ನ ಗಂಟಲು ಒಣಗಿತ್ತು. ಕೆಮ್ಮಿರಲಿಲ್ಲ. ನಿಂಗವ್ವ ಕುಳಿತಲ್ಲೇ ಇದ್ದಳು, ಮುಖ ಮಾತ್ರ ಬೂದಿಯ ಹಾಗೆ ಆಗಿತ್ತು.

“ಯಾರು ಹೇಳಿದ್ರು ನಿಮಗ?” ಎಂದಳು. ದನಿ ಏರಿಸಲಿಲ್ಲ.

“ಏನವಾ?”

“ಜ್ವಾಳದ್ದು.”

ನನಗೆ ಅರ್ಥವಾಗಲಿಲ್ಲ. ಶೋಭಾ ಕಡೆ ನೋಡಿದೆ. ಶೋಭಾ ಪೆಟ್ಟಿಗೆ ನೋಡುತ್ತಿದ್ದಳು. ಪುಣೆಯ ಹೆಣ್ಣುಮಗಳು ಕೇಳುತ್ತ ಕೇಳುತ್ತ ಬರೆದುಕೊಂಡು ಕಳಿಸಿದ್ದಳು. ಈ ಸಾಲು ಸರಿಯಾಗಿ ಕೇಳಿದೆನೇ ಆಯಿ, ಅರ್ಥ ಏನು ಎಂದು ಕೆಳಗೆ ಕೇಳಿದ್ದಳು. ಶೋಭಾ ಓದಿದಳು. ನಾನು ಹಾಡಿದ್ದನ್ನು ನಾನು ಕೇಳಿದ್ದು ಆಗಲೇ.

“ಬರಿ ಉಡಿಲೆ ಹೊಂಟ್ಯವ್ವ, ಬಸ್ಸಿನ ಕಿಡಕ್ಯಾಗ ಕುಂತ್ಯವ್ವ,
ಬಿತ್ತೋ ಜ್ವಾಳ ಸುರುವ್ಯಾಳ ಹಡದವ್ವ, ಕೆಂಪನ್ನ ಜ್ವಾಳ,
ತಿನಬ್ಯಾಡ ಮಗಳ ಅಂದಾಳ, ಗಂಟ ಕಟ್ಟ ಅಂದಾಳ,
ನೀರಾಗ ಬಿಚ್ಚ್ಯಾವ ಗಂಟ, ಕಾಳ ಹೋದಾವ ತೇಲಿ.”

ನಿಂಗವ್ವ ತಾನಾಗಿಯೇ ಹೇಳಿದಳು. ಬನ್ನಿ ಕೊಟ್ಟ ಮರುದಿನ ತಾಯಿ ಮಗಳಿಗೆ ಮಾತಾಗಿತ್ತು. ಮಗಳು ಇನ್ನೂ ನಾಲ್ಕು ದಿನ ಇರುತ್ತೇನೆ ಎಂದಳು. ಗಂಡನ ಮನೆಯವರು ಏನಂದಾರು, ಹೋಗು ಎಂದು ತಾಯಿ ಹೇಳಿದಳು. ಮಗಳು ಉಡಿ ತುಂಬಿಸಿಕೊಳ್ಳದೆ ಚೀಲ ಹಿಡಿದು ಹೊರಟುಬಿಟ್ಟಳು. ತವರಿನಿಂದ ಹೆಣ್ಣುಮಗಳು ಬರೀ ಉಡಿಯಲ್ಲಿ ಹೋಗಬಾರದು, ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಿಂಗವ್ವ ಆಗ ಹಿಂಗಾರಿಗೆ ಬಿತ್ತುವ ಜೋಳಕ್ಕೆ ಔಷಧ ಕಲಸುತ್ತ ಕುಳಿತಿದ್ದಳು. ಹುಳ ಬೀಳದಿರಲೆಂದು ಕಲಸುವ ಆ ಪುಡಿಯಿಂದ ಕಾಳೆಲ್ಲ ಕೆಂಪಗಾಗುತ್ತದೆ, ಅದನ್ನು ಕೋಳಿಗೂ ಹಾಕುವುದಿಲ್ಲ. ಅಕ್ಕಿ, ಕೊಬ್ಬರಿ ಹುಡುಕಲು ಹೊತ್ತಿರಲಿಲ್ಲ. ಬಸ್ಸು ಬಂದ ಸದ್ದು ಕೇಳಿತು. ಕೈಯಲ್ಲಿದ್ದ ಕಾಳನ್ನೇ ಬೊಗಸೆಯಲ್ಲಿ ಹಿಡಿದು ಓಡಿದಳು. ಕಿಟಕಿಯಿಂದ ಮಗಳ ಉಡಿಯಲ್ಲಿ ಸುರಿದು, ತಿನ್ನಬ್ಯಾಡ, ಸೆರಗಿನಾಗ ಗಂಟ ಕಟ್ಟಿಕೊಂಡ ಹೋಗು, ಮನಿ ಮುಟ್ಟೂ ತನಕ ಬಿಚ್ಚಬ್ಯಾಡ ಎಂದಳು.

“ಕಟ್ಟಿಕೊಂಡ್ಲು. ನನ್ನ ಕಣ್ಣ ಮುಂದ ಕಟ್ಟಿಕೊಂಡ್ಲು” ಎಂದಳು ನಿಂಗವ್ವ. “ಹೆಣದ ಸೀರಿ ನಾಕೂ ಚುಂಗ ನೋಡಿದ್ನಿ. ಗಂಟ ಇರಲಿಲ್ಲ. ಅದಕ್ಕ ನನ್ನ ಮಗಳಲ್ಲ ಅಂದ್ನಿ. ಇಸದ ಕಾಳ ಉಡಿ ತುಂಬಿದ್ಯಾ ಅಂತಾರಂತ ಗಂಡಗೂ ಹೇಳಿಲ್ಲ.”

ಪೆಟ್ಟಿಗೆಯಲ್ಲಿ ಮಂದಿ ಏನೇನೋ ಕೇಳುತ್ತಿದ್ದರು. ಶೋಭಾ ಮೈಕಿನ ತಂತಿ ಕಿತ್ತಳು.

ನಿಂಗವ್ವ ಆಗ ಮುಂದೆ ಸರಿದು ನನ್ನ ಕೊರಳಿಗೆ ಬಿದ್ದಳು. ಅವಳ ಭಾರಕ್ಕೆ ನಾನು ಗೋಡೆಗೆ ಒರಗಿದೆ. ಅವಳೇ ಎತ್ತಿದಳು. ಅವಳ ದನಿ ಒರಟು. ನಾನು ದನಿಗೂಡಿಸಿದೆ. ಎಷ್ಟೋ ಸಾವಿನ ಮನೆಗಳಲ್ಲಿ ಎತ್ತಿಕೊಟ್ಟವಳು ಅವತ್ತು ಹಿಂದೆ ಹೇಳುವವಳಾದೆ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಯಾರು ಸತ್ತರು ಎಂದು ಕೇಳಿಕೊಂಡು, ಗೊತ್ತಾಗದಿದ್ದರೂ ಒಳಗೆ ಬಂದು ಕುಳಿತರು.

ಇದನ್ನು ನಾನು ನಾನಾ ನಮೂನೆ ವಿಚಾರ ಮಾಡಿದ್ದೇನೆ. ಗುಬ್ಬಿ ಗುಂಪಿನಲ್ಲಿ ಎಂದಾದರೂ ಬರೆದಿದ್ದಳೇ? ಬಸ್ಸು ಹತ್ತಿದ ಮೇಲೆ ಅವಳು ಯಾವ ಕಂಪ್ಯೂಟರಿನ ಮುಂದೆಯೂ ಕುಳಿತಿಲ್ಲ. ಶೋಭಾ ಹಳೆಯದನ್ನೆಲ್ಲ ತೆಗೆದು ನೋಡಿದಳು, ಇಲ್ಲ. ಬಸ್ಸಿನಲ್ಲಿದ್ದವರು ನೋಡಿರಬಹುದು, ಹೌದು. ಆದರೆ ಅವರು ಬೈಲಹೊಂಗಲಕ್ಕೆ ಬಂದು ನನಗೆ ಯಾಕೆ ಹೇಳುತ್ತಾರೆ? ನಿಂಗವ್ವನ ಉಗುರಿನ ಸಂದಿಯಲ್ಲಿ ಔಷಧದ ಕೆಂಪು ಉಳಿದಿರಬಹುದು, ನಾನು ನೋಡಿರಬಹುದು, ನನ್ನ ಬಾಯಿ ಅದರಿಂದ ಕಾಳು ಹುಟ್ಟಿಸಿರಬಹುದು. ಇಷ್ಟು ವರ್ಷ ವಿಚಾರಿಸಿ ವಿಚಾರಿಸಿ ಹಾಡಿದ ಬಾಯಿ, ಕಣ್ಣು ಕಂಡದ್ದನ್ನು ಹೇಳದೆ ಕೇಳದೆ ತೆಗೆದುಕೊಂಡಿರಬಹುದು. ಇದು ನನಗೆ ಸ್ವಲ್ಪ ಸರಿ ಅನ್ನಿಸುತ್ತದೆ. ಆದರೆ ಉಗುರು ನೋಡಿದರೆ ಬಸ್ಸಿನ ಕಿಟಕಿ ಕಾಣುವುದಿಲ್ಲ. ತಿನ್ನಬೇಡ ಎಂದದ್ದು ಕೇಳುವುದಿಲ್ಲ. ಗಂಟಿನ ಮಾತಂತೂ ಅವಳ ಹೊಟ್ಟೆಯಲ್ಲೇ ಇತ್ತು. ಆ ಹೊತ್ತಿಗೆ ನಾನೇ ಹೇಳುತ್ತೇನೆ ಎಂದು ಗುಬ್ಬಿ ಬರೆದಿದ್ದನ್ನು ಶೋಭಾ ನೆನಪಿಸಿದಳು. ನಾನು ಅವಳನ್ನು ಬೈದು ಸುಮ್ಮನಿರಿಸಿದೆ. ಆ ಮಾತು ನನಗೆ ಬೇಕಾಗಿಲ್ಲ. ಹಾಗೆಂದು ಅದನ್ನು ಅಲ್ಲಗಳೆಯಲೂ ನನ್ನ ಹತ್ತಿರ ಏನಿಲ್ಲ.

ಆಮೇಲೂ ಮಂದಿ ಕರೆದರು, ಹೋದೆ. ಮೊದಲಿನ ಹಾಗೆ ವಿಚಾರಿಸಿಕೊಂಡೇ ಎತ್ತಿದೆ. ಕೇಳದೆ ಬಂದ ಸಾಲು ಇನ್ನೊಂದಿಲ್ಲ. ಪೆಟ್ಟಿಗೆಯ ಗುಂಪು ನಿಧಾನಕ್ಕೆ ತಣ್ಣಗಾಯಿತು, ಒಬ್ಬೊಬ್ಬರೇ ಬರುವುದು ಬಿಟ್ಟರು, ಶೋಭಾ ಆ ಅಂಗಡಿಯನ್ನೂ ಮುಚ್ಚಿದಳು. ಕೆಮ್ಮಬೇಕೆಂದು ಉಸಿರು ಎಳೆದುಕೊಂಡವಳು ಯಾಕೆ ಕೆಮ್ಮಲಿಲ್ಲ ಎಂಬುದು ಮಾತ್ರ ಉಳಿದಿದೆ. ಕೆಮ್ಮಿದ್ದರೆ ಆ ತಾಯಿ ಇನ್ನೂ ಸಂಜೆ ಸಂಜೆ ಬಸ್ಸಿಗೆ ನಿಲ್ಲುತ್ತಿದ್ದಳು. ಅದು ಒಳ್ಳೆಯದಿತ್ತೋ ಇದು ಒಳ್ಳೆಯದೋ, ನನಗೆ ತಿಳಿಯದು.

ನಿಂಗವ್ವ ಆ ರಾತ್ರಿ ನಮ್ಮಲ್ಲೇ ಇದ್ದಳು. ಮರುದಿನ ಬೆಳಗಾಗುವ ಮೊದಲೇ ನಾನು ಎದ್ದು ಹಂಡೆಗೆ ಉರಿ ಹಾಕಿದೆ. ಸಾವಿನ ಸುದ್ದಿ ಕೇಳಿದವರಿಗೆ ಹಾಕುವ ಹಾಗೆಯೇ ಅವಳ ತಲೆಯ ಮೇಲೆ ನೀರು ಹಾಕಿದೆ. ಅವಳು ಬೇಡ ಅನ್ನಲಿಲ್ಲ. ಶೋಭಾ ಅವಳನ್ನು ಮುನವಳ್ಳಿಯ ಬಸ್ಸಿಗೆ ಕರೆದುಕೊಂಡು ಹೋದಳು, ಮಣ್ಣು ಮಾಡಿದ ಜಾಗ ನೋಡಬೇಕು ಎಂದು ನಿಂಗವ್ವ ಹೇಳಿದ್ದಳು. ನಾನು ಹೋಗಲಿಲ್ಲ. ಮನೆಯಲ್ಲಿ ಹಿಟ್ಟು ಮುಗಿದಿತ್ತು. ಚೀಲದಿಂದ ಜೋಳ ತೆಗೆದು ಮೊರದಲ್ಲಿ ಹಾಕಿಕೊಂಡು ಹೊಸ್ತಿಲ ಮೇಲೆ ಬೆಳಕಿಗೆ ಕುಳಿತೆ. ಹಾದು ಹೋಗುವವರು ನಾನು ಕಲ್ಲು ಆರಿಸುತ್ತಿದ್ದೇನೆ ಎಂದುಕೊಂಡರು. ನಾನು ಕಾಳಿನ ಬಣ್ಣ ನೋಡುತ್ತಿದ್ದೆ. ಎಲ್ಲ ಬೆಳ್ಳಗೇ ಇದ್ದವು. ಇನ್ನೊಮ್ಮೆ ಮೊದಲಿನಿಂದ ನೋಡಿದೆ. ಆಮೇಲೆ ಚೀಲಕ್ಕೆ ತುಂಬಿ, ಗಿರಣಿಗೆ ಹಾಕಿ ಬಂದೆ.